ಒಂದೇ ಕೈ ಓಡಿಸಿದ ಕಾರು

"ಒಂದೇ ಒಂದು ಸುಳ್ಳು ಹೇಳದೆ ಈ ಕಾರನ್ನು ಮಾರದಿದ್ದರೆ ನಾನು ಮೇಷ್ಟ್ರೇ ಅಲ್ಲ!"

ಹೀಗೆಂದು ಊಟದ ಮೇಜನ್ನು ಗುದ್ದಿದೆ. ಉಪ್ಪಿನ ಬಟ್ಟಲು ಹಾರಿ ಕೆಳಗೆ ಬಿತ್ತು. ನನ್ನ ಹೆಂಡತಿ ಉಪ್ಪನ್ನು ಬಳಿಯುತ್ತ, "ರಿಟೈರಾಗಿ ಎಷ್ಟೋ ವರ್ಷ ಆಯ್ತು. ಮೇಷ್ಟ್ರು ಅಲ್ಲದೇ ಹೋದ್ರೂ ನಷ್ಟವೇನಿಲ್ಲ ಬಿಡಿ" ಎಂದಳು. ಆಮೇಲೆ ತುಟಿ ಬಿಚ್ಚಲಿಲ್ಲ. ಕಾರಿನ ಮಾತು ಬಂದಾಗಲೆಲ್ಲ ಅವಳು ಹಾಗೆಯೇ. ಎಷ್ಟೋ ಹೆಂಡತಿಯರು ಗಂಡನ ಹಳೆಯ ಕಾರನ್ನು ಸವತಿ ಎಂದು ಬೈಯುತ್ತಾರೆ. ನನ್ನವಳು ಒಮ್ಮೆಯೂ ಬೈದವಳಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು!

ಈ ಭೀಷಣ ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ವಾರ ತರಕಾರಿ ಕೊಂಡು ಬರುವಷ್ಟರಲ್ಲಿ ಮಾರುಕಟ್ಟೆಯ ಎದುರು ಕಾರು ತಣ್ಣಗಾಗಿ ನಿಂತುಬಿಟ್ಟಿತ್ತು. ಅದು ನಿಲ್ಲುವುದೂ ನಾನು ತಳ್ಳುವುದೂ ಹೊಸದಲ್ಲ. ಹೆಂಡತಿ ಸ್ಟೇರಿಂಗ್ ಹಿಡಿದು ಒಳಗೆ, ನಾನು ಡಿಕ್ಕಿಗೆ ಹೆಗಲು ಕೊಟ್ಟು ಹೊರಗೆ: ನಮ್ಮ ದಾಂಪತ್ಯದ ಅರ್ಧ ಭಾಗ ಹೀಗೆಯೇ ಕಳೆದಿದೆ. ಅಂದು ಹಳೆಯ ವಿದ್ಯಾರ್ಥಿಯೊಬ್ಬ ಓಡಿ ಬಂದು, "ಸರ್, ನಮ್ಮನ್ನೆಲ್ಲ ಏಳನೇ ಕ್ಲಾಸಿಂದ ಆಚೆ ತಳ್ಳಿದೋರು ನೀವು. ಇವತ್ತು ನಮ್ಮ ಸರದಿ, ಪಕ್ಕಕ್ಕೆ ಬನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಇಡೀ ಮಾರುಕಟ್ಟೆ ಗೊಳ್ಳೆಂದಿತು. ಹೂಕೋಸುಗಳು ಕೂಡ ನಕ್ಕಂತೆ ಕಂಡವು. ಸ್ಟೇರಿಂಗ್ ಹಿಡಿದ ಹೆಂಡತಿಯೂ ನಕ್ಕಳು, ನಾಚಿಕೆಗಿರಬೇಕು ಎಂದುಕೊಂಡೆ. ಮರ್ಯಾದೆ ಮೂರು ಕಾಸಿಗೆ ಹೋದ ಮೇಲೆ ಕಾರು ನೂರು ಕಾಸಿಗಾದರೂ ಹೋಗಲಿ ಎಂದು ಅಂದೇ ನಿರ್ಧರಿಸಿದೆ.

ಆ ಕಾರನ್ನು ನಾನು ಕೊಂಡದ್ದು ನಮ್ಮ ಹೆಡ್ಮಾಸ್ತರಿಂದ. ಬೀಗದ ಕೈ ಕೊಡುವಾಗ ಅವರ ಕಣ್ಣಲ್ಲಿ ನೀರಿತ್ತು. ಅಗಲಿಕೆಯ ದುಃಖವೆಂದುಕೊಂಡೆ. ಆನಂದಬಾಷ್ಪವೆಂದು ಮುಂದಿನ ವಾರ ತಿಳಿಯಿತು! ಸ್ಟೇರಿಂಗಿನ ಪಕ್ಕದಲ್ಲಿ ಒಂದು ಕರಿಯ ಗುಂಡಿಯಿತ್ತು. "ಅದು ಕೆಟ್ಟಿದೆ, ಮುಟ್ಟಬೇಡಿ" ಎಂದಿದ್ದರು. ಹೆಡ್ಮಾಸ್ತರ ಮಾತನ್ನು ಮೀರಿದವನು ನಾನಲ್ಲ. ಅದಕ್ಕೆ ನನ್ನ ಬಟ್ಟೆಯ ಚೀಲವನ್ನು ತಗುಲಿಸುತ್ತ ಬಂದೆ. ಚೀಲಕ್ಕೆಂದೇ ಕಂಪನಿಯವರು ಮಾಡಿಟ್ಟ ಗೂಟದಂತೆ ಅದು ಒದಗಿಬಂತು.

ಮಕ್ಕಳು ಕಾರಿಗೆ 'ಅಜ್ಜಯ್ಯ' ಎಂದು ಹೆಸರಿಟ್ಟಿದ್ದರು. ಅದು ಕೆಮ್ಮುತ್ತ ಶಾಲೆಯ ಗೇಟಿಗೆ ಬರುವಾಗ, "ಅಜ್ಜಯ್ಯ ಬಂತು, ಅಜ್ಜಯ್ಯ ಬಂತು!" ಎಂದು ಪಿಸುಗುಡುತ್ತಿದ್ದರು. ಅದು ಕಾರೋ ನಾನೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ನನ್ನ ಮಗಳು ಮಗ್ಗಿ ಕಲಿತದ್ದು ಅದರ ಹಿಂದಿನ ಸೀಟಿನಲ್ಲಿ. ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಕೂತು ಅವಳು ಚೆಲ್ಲಿದ ಮಸಿಯ ಕಲೆ ಈಗಲೂ ಅಲ್ಲಿದೆ. ಅಜ್ಜಯ್ಯನಿಂದ ನನ್ನ ಆರೋಗ್ಯಕ್ಕೂ ಉಪಕಾರವಾಗಿತ್ತು.

"ಸಕ್ಕರೆ ಕಾಯಿಲೆ ಚೆನ್ನಾಗಿ ಹತೋಟೀಲಿದೆಯಲ್ಲ! ಏನು ವ್ಯಾಯಾಮ ಮಾಡ್ತೀರಿ?" ಎಂದು ಡಾಕ್ಟರು ಒಮ್ಮೆ ಕೇಳಿದರು.

"ಕಾರಿದೆ ಡಾಕ್ಟ್ರೇ."

"ಕಾರಲ್ಲಿ ಕೂತ್ರೆ ವ್ಯಾಯಾಮ ಹೇಗ್ರೀ?"

"ನನ್ನನ್ನು ಅದು ಕೂರಿಸಿದರೆ ತಾನೇ!"

ಅಂದ ಹಾಗೆ, ಡ್ರೈವಿಂಗ್ ಲೈಸೆನ್ಸನ್ನು ನಾವು ಗಂಡ ಹೆಂಡತಿ ಇಬ್ಬರೂ ತೆಗೆದುಕೊಂಡಿದ್ದೆವು. ಅವಳು ಮೊದಲ ಪರೀಕ್ಷೆಯಲ್ಲೇ ಪಾಸು. ನಾನು ಮೂರನೆಯದರಲ್ಲಿ, ಅದೂ ಪರೀಕ್ಷಕರಿಗೆ ಸಾಕುಸಾಕಾಗಿ. ನನ್ನದು ಜೇಬಿನಲ್ಲಿ ಸವೆಯಿತು. ಅವಳದು ಬೀರುವಿನಲ್ಲಿ ಹೊಚ್ಚ ಹೊಸದಾಗಿಯೇ ಉಳಿಯಿತು. ಯಾಕೆಂದು ನಾನು ಎಂದೂ ಯೋಚಿಸಿದವನಲ್ಲ.

ಕೊಳ್ಳಲು ಮುಂದೆ ಬಂದವರು ಒಬ್ಬರೇ: ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವರು. ಹಳೆಯ ಕಾರುಗಳೆಂದರೆ ಅವರಿಗೆ ಪ್ರಾಣ. ಫೋನಿನಲ್ಲಿ ನಾನು ಗಂಟಲು ಸರಿಮಾಡಿಕೊಂಡು, "ನಾನು ಕೊಂಡಾಗಿನಿಂದ ಒಂದೇ ಕೈ ಓಡಿಸಿದ ಗಾಡಿ ಸ್ವಾಮಿ. ಬೇರೆ ಯಾರಿಗೂ ಕೊಟ್ಟಿಲ್ಲ" ಎಂದೆ. ಅಪ್ಪಟ ಸತ್ಯ! ಭಾನುವಾರ ಬೆಳಿಗ್ಗೆ ಬರುತ್ತೇನೆ ಎಂದರು.

ಅಲ್ಲಿಂದ ನನಗೆ ಸಂಕಟ ಶುರುವಾಯಿತು. ಅಜ್ಜಯ್ಯನ ಎಂಜಿನ್ನು ಬಿಸಿಯಾಗಿದ್ದರೆ ಬೀಗದ ಕೈ ತಿರುಗಿಸುತ್ತಲೇ ಹತ್ತಿಕೊಳ್ಳುತ್ತಿತ್ತು. ತಣ್ಣಗಿದ್ದರೆ ಮಾತ್ರ ತಳ್ಳದೆ ಗತಿಯಿರಲಿಲ್ಲ. "ಸ್ಟಾರ್ಟಿಂಗ್ ಹೇಗೆ?" ಎಂದು ಅವರು ಕೇಳಿದರೆ? ಸುಳ್ಳು ಹೇಳುವಂತಿಲ್ಲ, ನಿಜ ಹೇಳಿದರೆ ವ್ಯಾಪಾರವಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಅವರು ಬರುವ ಮೊದಲೇ ಎಂಜಿನ್ನನ್ನು ಕಾಯಿಸಿಟ್ಟರೆ ಪ್ರಶ್ನೆಯೇ ಹುಟ್ಟುವುದಿಲ್ಲವಲ್ಲ!

ಭಾನುವಾರ ಎದ್ದವನೇ ಹೆಂಡತಿಯನ್ನು ಒಳಗೆ ಕೂರಿಸಿ ತಳ್ಳಿದೆ. ಕಾರು ವೇಗ ಹಿಡಿದಾಗ ಒಳಗಿದ್ದವರು ಕ್ಲಚ್ಚಿನಿಂದ ಕಾಲು ತೆಗೆಯಬೇಕು. ಎಂಜಿನ್ನು ಹತ್ತಿಕೊಳ್ಳುವುದು ಆಗ. "ಬಿಡೇ!" ಎಂದೆ. ಅವಳು ಬಿಟ್ಟಳು. ಅಜ್ಜಯ್ಯ ಗುಡುಗಿತು. ಕಾರನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಒಳಗೆ ಕೂತೆ. ಇನ್ನು ಅವರು ಬರುವವರೆಗೆ ಅದು ಆರಬಾರದು, ಅಷ್ಟೆ.

ಅವರು ಬರಲಿಲ್ಲ.

"ರೀ, ಆರಿಸಿ ಒಳಗೆ ಬನ್ನಿ. ತಿಂಡಿ ತಣ್ಣಗಾಗ್ತಿದೆ."

"ತಿಂಡಿ ತಣ್ಣಗಾಗಲಿ, ಎಂಜಿನ್ನು ತಣ್ಣಗಾಗಬಾರದು!"

ತಿಂಡಿಯ ತಟ್ಟೆ ಕಾರಿಗೇ ಬಂತು. ತೊಡೆಯ ಮೇಲೆ ತಟ್ಟೆ, ಕಾಲಡಿಯಲ್ಲಿ ಆಕ್ಸಿಲರೇಟರು. ಸ್ವಲ್ಪ ಒತ್ತಿದರೆ ಹೊಗೆ, ಸ್ವಲ್ಪ ಬಿಟ್ಟರೆ ಬಿಕ್ಕಳಿಕೆ! ಪಕ್ಕದ ಮನೆಯವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಮುಚ್ಚುವಾಗ ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿದರು. ಅಷ್ಟರಲ್ಲಿ ಹೊಳೆಯಿತು: ಪೆಟ್ರೋಲು! ಅದರ ಮುಳ್ಳು ಕೆಲಸ ನಿಲ್ಲಿಸಿ ಯುಗವಾಗಿದೆ. ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡಿದೆ. ತುದಿಯಷ್ಟೇ ಒದ್ದೆಯಾಗಿತ್ತು.

ಪೆಟ್ರೋಲ್ ಬಂಕಿಗೆ ಓಡಿಸಿದೆ. ಬಂಕಿನ ಹುಡುಗಿ ಪೈಪು ಹಿಡಿದು ಬಂದು, "ಎಂಜಿನ್ ಆಫ್ ಮಾಡಿ ಸರ್" ಎಂದಳು.

"ಆಫ್ ಮಾಡದೆ ಹಾಕಲು ಆಗುವುದಿಲ್ಲವೇನಮ್ಮ?"

"ಆಗತ್ತೆ ಸರ್. ಆಮೇಲೆ ನೀವೂ ಇರಲ್ಲ, ನಾನೂ ಇರಲ್ಲ, ಬಂಕೂ ಇರಲ್ಲ."

ಆರಿಸಿದರೆ ಬಿಸಿ ಎಂಜಿನ್ನು ಮತ್ತೆ ಹತ್ತಿಕೊಳ್ಳುತ್ತಿತ್ತೋ ಏನೋ. ಆದರೆ ಹತ್ತದಿದ್ದರೆ? ಗಾಬರಿಗೊಂಡವನಿಗೆ 'ಆದರೆ' ಒಂದೇ ಸಾಕು. ಪೆಟ್ರೋಲ್ ಹಾಕಿಸದೆ ಮನೆಗೆ ಹಿಂದಿರುಗಿದೆ. ಗೇಟಿನಲ್ಲಿ ಕನ್ನಡಕದಂಗಡಿಯವರು ನಿಂತಿದ್ದರು.

"ಎಲ್ಲಿಗೋ ಹೊರಟ ಹಾಗಿದೆ, ಮೇಷ್ಟ್ರೇ?"

"ಇಲ್ಲ ಇಲ್ಲ. ಯಾವಾಗಲೂ ಹೊರಡಲು ಸಿದ್ಧವಾಗಿರುತ್ತದೆ ನಮ್ಮ ಕಾರು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸುಳ್ಳಾಯಿತೇ? ಆ ಕ್ಷಣಕ್ಕಂತೂ ನಿಜವೇ!

"ಸಂತೋಷ. ಆರಿಸಿ, ನಿಧಾನವಾಗಿ ನೋಡೋಣ" ಎಂದು ಅವರು ಜೇಬಿನಿಂದ ಒಂದು ಭೂತಗನ್ನಡಿ ತೆಗೆದರು.

ಬೀಗದ ಕೈ ತಿರುಗಿಸಿ ಎಳೆದುಕೊಂಡೆ. ಎಂಜಿನ್ನು ಗುಡುಗುತ್ತಲೇ ಇತ್ತು! ಅಷ್ಟು ಹೊತ್ತು ಕಾದು ಕೆಂಡವಾದ ಅಜ್ಜಯ್ಯ ಈಗ ನಿಲ್ಲಲೊಲ್ಲದು. ಕನ್ನಡಕದವರು ಒಮ್ಮೆ ಬಾನೆಟ್ಟನ್ನು ನೋಡಿದರು, ಒಮ್ಮೆ ನನ್ನ ಕೈ ನೋಡಿದರು.

"ಮೇಷ್ಟ್ರೇ, ಕೀ ನಿಮ್ಮ ಕೈಯಲ್ಲಿದೆ."

"ಹೌದು."

"ಎಂಜಿನ್ ಓಡ್ತಿದೆ."

"ಹೌದು. ಸ್ವಲ್ಪ... ಉತ್ಸಾಹಿ."

ಕೊನೆಗೆ ಅಜ್ಜಯ್ಯ ಢಮಾರೆಂದು ಒಂದು ಸೀನು ಸೀನಿ ಸುಮ್ಮನಾಯಿತು. ಪಕ್ಕದ ಮನೆಯವರು ತೆರೆಯಲು ಹೊರಟಿದ್ದ ಕಿಟಕಿಯನ್ನು ಮತ್ತೆ ಮುಚ್ಚಿಕೊಂಡರು.

ಈಗ ಬೇಗ ಬೇಗ ನೋಡಿ ಮುಗಿಸಬಾರದೇ ಈ ಪುಣ್ಯಾತ್ಮ? ಇಲ್ಲ! ಒಂದೊಂದು ಗೀರಿಗೂ ಭೂತಗನ್ನಡಿ ಹಿಡಿದರು. ಮಸಿಯ ಕಲೆಯ ಚರಿತ್ರೆ ಕೇಳಿದರು. ಚಕ್ರದ ಮುಂದೆ ಕೂತು ಧ್ಯಾನ ಮಾಡಿದರು. ಚಹಾ ಕೇಳಿದರು, ಕುಡಿದರು, ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿದರು. ಹೆಂಡತಿ ಎಂದೂ ಇಲ್ಲದ ಉಪಚಾರದಿಂದ, "ನಿಧಾನವಾಗಿ ಕುಡೀರಿ, ಅವಸರ ಏನಿದೆ?" ಎಂದಳು. ನಾನು ಮಾತ್ರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದೆ. ಮಕ್ಕಳಿಗೆ ಜ್ವರ ಬಂದಾಗ ಇಳಿಯಲಿ ಎಂದು ಹಣೆ ಮುಟ್ಟಿ ನೋಡಿದವನು, ಈಗ ಇಳಿಯದಿರಲಿ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಇಳಿದುಹೋಯಿತು. ಕಬ್ಬಿಣ ತಣ್ಣಗೆ ಕೊರೆಯಿತು.

"ಹೂಂ, ಈಗ ಸ್ಟಾರ್ಟ್ ಮಾಡಿ ನೋಡೋಣ" ಎಂದರು.

ಆಕ್ಸಿಲರೇಟರನ್ನು ಹತ್ತಾರು ಬಾರಿ ತುಳಿದು ಬೀಗದ ಕೈ ತಿರುಗಿಸಿದೆ. ಕಿರ್ರ್... ಕಿರ್ರ್... ಮತ್ತೆ ತುಳಿದೆ. ಕಿರ್... ಬೆವರು ನನ್ನ ಕನ್ನಡಕದ ಮೇಲೆ ಇಳಿಯಿತು.

"ಯಾವಾಗಲೂ ಹೀಗೇನಾ, ಮೇಷ್ಟ್ರೇ?"

ಬಂದೇ ಬಂತು ಆ ಪ್ರಶ್ನೆ! ಪ್ರತಿಜ್ಞೆ ನೆನಪಾಯಿತು.

"ಛೆ ಛೆ, ಯಾವಾಗಲೂ ಅಲ್ಲ. ಬೆಳಿಗ್ಗೆ ಮಾತ್ರ." ಮನಸ್ಸಾಕ್ಷಿ ಚುಚ್ಚಿತು. "ಮಧ್ಯಾಹ್ನವೂ." ಅದು ಇನ್ನೂ ಚುಚ್ಚಿತು. "ಸಂಜೆ ಹೊತ್ತು ಕೂಡ. ಆದರೆ ತಳ್ಳಿದರೆ ಖಂಡಿತ ಹತ್ತಿಕೊಳ್ಳುತ್ತದೆ!"

ಸಜ್ಜನ, ಅಂಗಿಯ ತೋಳು ಮಡಿಸಿದರು. ಹೆಂಡತಿ ಕರೆಯುವ ಮೊದಲೇ ಬಂದು ಸ್ಟೇರಿಂಗ್ ಹಿಡಿದು ಕೂತಳು. ನಾವಿಬ್ಬರೂ ಹೆಗಲು ಕೊಟ್ಟೆವು. ಕಾರು ವೇಗ ಹಿಡಿಯಿತು.

"ಬಿಡೇ!" ಎಂದೆ. ಏನೂ ಇಲ್ಲ. "ಬಿಡೇ ಮಾರಾಯ್ತೀ!" ಎಂದು ಕೂಗಿದೆ. ಗಾಳಿಯ ಸದ್ದಲ್ಲದೆ ಬೇರೆ ಸದ್ದಿಲ್ಲ. ಎಷ್ಟೋ ವರ್ಷಗಳಲ್ಲಿ ಒಮ್ಮೆಯೂ ತಪ್ಪದಿದ್ದದ್ದು ಅಂದೇ ತಪ್ಪಬೇಕೇ! ಬೀದಿಯ ಕೊನೆ ಮುಟ್ಟಿದಾಗ ಕನ್ನಡಕದವರ ಕನ್ನಡಕ ಮೂಗಿನ ತುದಿಯಲ್ಲಿತ್ತು, ಉಸಿರು ಅದಕ್ಕೂ ಆಚೆಯಿತ್ತು.

"ಕ್ಷಮಿಸಿ, ಮೇಷ್ಟ್ರೇ. ನನಗೆ ಹಳೇ ಕಾರು ಇಷ್ಟ. ಆದ್ರೆ... ಒಳಗೆ ಕೂತು ಹೋಗೋಕೆ, ತಳ್ಳೋಕಲ್ಲ" ಎಂದು ಏದುಸಿರಿನಲ್ಲಿ ಕೈ ಮುಗಿದು ನಡೆದುಬಿಟ್ಟರು.

ನಾನು ಮೋರಿಯ ಕಟ್ಟೆಯ ಮೇಲೆ ಕುಸಿದೆ. ಸುಳ್ಳು ಹೇಳಲಿಲ್ಲ, ನಿಜ. ಆದರೆ ಆ ಸತ್ಯವಂತಿಕೆಯನ್ನು ಕಟ್ಟಿಕೊಂಡು ಏನು ಮಾಡಲಿ? ಇನ್ನು ಯಾರು ಕೊಳ್ಳುತ್ತಾರೆ ಇದನ್ನು? ದುಃಖ, ಸಿಟ್ಟು, ಸುಸ್ತು ಎಲ್ಲ ಒಟ್ಟಿಗೆ ಉಕ್ಕಿತು.

"ಆಯಿತು. ನಾಳೆ ಗುಜರಿಯವನಿಗೆ ಹೇಳಿ ಕಳಿಸುತ್ತೇನೆ. ಒಡೆದು ತೂಕಕ್ಕೆ ಹಾಕಿಕೊಳ್ಳಲಿ!" ಎಂದೆ.

"ಏನಂದ್ರಿ?" ಹೆಂಡತಿಯ ಮುಖ ಬಿಳಿಚಿತು. "ಒಡೆಯೋದಾ? ಅಜ್ಜಯ್ಯನ್ನಾ?"

ಅವಳು ಕರಿಯ ಗುಂಡಿಯ ಮೇಲಿನ ನನ್ನ ಚೀಲವನ್ನು ತೆಗೆದು ಪಕ್ಕಕ್ಕೆ ಎಸೆದಳು. ಗುಂಡಿಯನ್ನು ಮೆಲ್ಲಗೆ ಎಳೆದಳು. ಆಕ್ಸಿಲರೇಟರನ್ನು ಒಂದೇ ಒಂದು ಸಲ ಒತ್ತಿದಳು. ಉಸಿರೆಳೆದು ಬಿಡುವಷ್ಟು ಹೊತ್ತು ಕಾದಳು. ಬೀಗದ ಕೈ ತಿರುಗಿಸಿದಳು.

ಢುರ್‍ರ್‍ರ್!

ತಣ್ಣಗೆ ಕೊರೆಯುತ್ತಿದ್ದ ಎಂಜಿನ್ನು ಹಸುಗೂಸು ನಕ್ಕಂತೆ ಹತ್ತಿಕೊಂಡಿತು. ನಾನು ಕಟ್ಟೆಯಿಂದ ಜಾರಿ ಬಿದ್ದೆ.

"ಆ ಗುಂಡಿ ಕೆಟ್ಟಿದೆ ಅಂದಿದ್ದರಲ್ಲೇ, ಹೆಡ್ಮಾಸ್ತರು!"

"ಅವರಂದ್ರು, ನೀವು ಚೀಲ ನೇತು ಹಾಕಿದ್ರಿ. ನಾನು ಎಳೆದು ನೋಡಿದೆ. ಎಂಜಿನ್ ತಣ್ಣಗಿದ್ದಾಗ ಎಳೆಯೋಕೇ ಅದಿರೋದು. ನೀವು ಹತ್ತಾರು ಸಲ ತುಳಿದ್ರೆ ಅದಕ್ಕೆ ಉಸಿರು ಕಟ್ಟಲ್ವಾ?"

"ಯಾವಾಗ ಗೊತ್ತಾಯಿತು ನಿನಗೆ ಇದು?"

"ಮಗಳು ಮಗ್ಗಿ ಕಲೀತಿದ್ದಾಗ."

ಬೆರಳು ಮಡಚಿ ಲೆಕ್ಕ ಹಾಕಿದೆ. ಮಗಳ ಮಕ್ಕಳೇ ಈಗ ಮಗ್ಗಿ ಮುಗಿಸಿ ಬೀಜಗಣಿತದಲ್ಲಿದ್ದಾರೆ!

"ಇಷ್ಟು ವರ್ಷ ನಾನು ತಳ್ಳಿದ್ದು...?"

"ವಾಕಿಂಗ್ ಹೋಗಿ ಅಂದ್ರೆ ಒಂದು ದಿನ ಹೋದೋರಾ ನೀವು? ಸಕ್ಕರೆ ಹತೋಟೀಲಿದ್ದದ್ದು ಯಾರಿಂದ ಅಂದ್ಕೊಂಡ್ರಿ?"

"ಇವತ್ತು ಯಾಕೆ ಹತ್ತಲಿಲ್ಲ, ಅದು ಹೇಳು."

"ಕ್ಲಚ್ಚಿಂದ ಕಾಲು ತೆಗೀಲಿಲ್ಲ. ತೆಗೆದಿದ್ರೆ ಆ ಮಹಾನುಭಾವರು ಗಾಡಿ ತಗೊಂಡು ಹೋಗೇಬಿಡ್ತಿದ್ರು." ಆಮೇಲೆ ಅವಳ ದನಿ ಸಣ್ಣಗಾಯಿತು. ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ಹೇಳಿದಳು: "ಒಂದೇ ಒಂದು ದಿನ 'ನೀನು ಓಡಿಸ್ತೀಯೇನೇ' ಅಂತ ಕೇಳಿದ್ದೀರಾ? ನೀವು ಇಳಿದು ತಳ್ಳಿದಾಗ ತಾನೇ ಇದು ನನ್ನ ಕೈಗೆ ಸಿಗ್ತಿದ್ದದ್ದು!"

ಮಾರುಕಟ್ಟೆಯಲ್ಲಿ ಅವಳು ನಕ್ಕದ್ದು ನೆನಪಾಯಿತು. ಅದು ನಾಚಿಕೆಯ ನಗುವಾಗಿರಲಿಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಪ್ರಶ್ನೆ ಕೇಳಿದ ಮೇಷ್ಟ್ರು, ಮನೆಯಲ್ಲಿ ಕೇಳಬೇಕಿದ್ದ ಒಂದೇ ಪ್ರಶ್ನೆಯನ್ನು ಮರೆತಿದ್ದೆ. ಅಭ್ಯಾಸಬಲದಿಂದ ಬಲಬದಿಯ ಬಾಗಿಲಿನತ್ತ ನಡೆದೆ.

"ಆ ಕಡೆ" ಎಂದಳು.

ಸುತ್ತು ಹಾಕಿ ಎಡಬದಿಗೆ ಹೋಗಿ ಕೂತೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು. ಅವಳು ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಅಜ್ಜಯ್ಯ ಕೆಮ್ಮದೆ, ಕುಪ್ಪಳಿಸದೆ ಹೊರಟಿತು. ಆ ಮುದುಕನಿಗೆ ಅಷ್ಟು ಒಳ್ಳೆಯ ನಡತೆಯಿದೆಯೆಂದು ನನಗೆ ಗೊತ್ತೇ ಇರಲಿಲ್ಲ!

ಮುಖ್ಯರಸ್ತೆಯಲ್ಲಿ ಕನ್ನಡಕದವರು ಬೆವರೊರೆಸುತ್ತ ನಡೆಯುತ್ತಿದ್ದರು. ಹೆಂಡತಿ ನಿಲ್ಲಿಸಿದಳು. "ಗಾಡಿ ಮಾರಲ್ಲ ಸ್ವಾಮಿ. ಬೇಕಾದ್ರೆ ಹತ್ತಿ, ಅಂಗಡಿ ಹತ್ರ ಬಿಡ್ತೀನಿ."

ಅವರು ಹಿಂದಿನ ಸೀಟಿನಲ್ಲಿ ಮಸಿಯ ಕಲೆಯ ಮೇಲೆ ಕೂತರು. ಓಡುತ್ತಿರುವ ಎಂಜಿನ್ನನ್ನು ಕೇಳಿಸಿಕೊಂಡರು, ಓಡಿಸುತ್ತಿರುವವಳನ್ನು ನೋಡಿದರು, ಕೊನೆಗೆ ನನ್ನ ಹೆಗಲ ಬಳಿ ಬಾಗಿದರು.

"ಮೇಷ್ಟ್ರೇ, ನಿಮ್ಮ ಮಾತೆಲ್ಲ ನಿಜ. ಒಂದೇ ಒಂದು ಸುಳ್ಳಾಯ್ತು. 'ಒಂದೇ ಕೈ ಓಡಿಸಿದ ಗಾಡಿ' ಅಂದಿದ್ರಿ."

ನಾನು ಚೀಲದೊಳಗೆ ಮುಖ ಹುದುಗಿಸುವುದೊಂದು ಬಾಕಿ. ಹೆಂಡತಿಯೇ ನನ್ನ ಮಾನ ಕಾಯಲು ಬಂದಳು.

"ಪಾಪ, ಸುಳ್ಳಲ್ಲ ಬಿಡಿ. ಓಡಿಸಿದ್ದು ಅವರೊಬ್ಬರೇ. ಹೊರಡಿಸಿದ್ದು ಮಾತ್ರ ನಾನು."

ಅಷ್ಟರಲ್ಲಿ ಅಜ್ಜಯ್ಯ ಎರಡು ಬಾರಿ ಬಿಕ್ಕಳಿಸಿ, ನಿಟ್ಟುಸಿರು ಬಿಟ್ಟು ನಿಂತಿತು. ಈ ಬಾರಿ ಗುಂಡಿಯದೂ ತಪ್ಪಿಲ್ಲ, ಕ್ಲಚ್ಚಿನದೂ ತಪ್ಪಿಲ್ಲ. ಬೆಳಿಗ್ಗೆ ನಾನು ಹಾಕಿಸದೆ ಬಂದ ಪೆಟ್ರೋಲು!

ಹೆಂಡತಿ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ.

"ಹೂಂ, ಇಳೀರಿ ಇಬ್ಬರೂ. ಬಂಕ್ ಇಲ್ಲೇ ಮುಂದಿದೆ."