ಎರಡನೇ ದರ್ಜೆಯ ಕಪ್ಪಿಗೆ, ನನ್ನ ಮದುವೆಯ ಗುಡಾಣದ ವಿಷಯವಾಗಿ

ಯುರೋಪಿನ ಎರಡನೇ ದರ್ಜೆಯ ರಗ್ಬಿ ಪಂದ್ಯಾವಳಿಯ ಬೆಳ್ಳಿ ಕಪ್ಪಿನ ಸನ್ನಿಧಿಗೆ,

ಮಾನ್ಯರೇ,

ಜಾರ್ಜಿಯಾದ ಕಖೇತಿ ಸೀಮೆಯಿಂದ, ದ್ರಾಕ್ಷಿತೋಟದ ಕೆಸರು ಕಾಲಲ್ಲೇ ನಿಂತು, ತಮಗೆ ತಲೆಬಾಗಿ ವಂದಿಸುತ್ತೇನೆ. ರುಮೇನಿಯಾ, ಸ್ಪೇನ್, ಪೋರ್ಚುಗಲ್ ದೇಶಗಳವರು ಅಷ್ಟೊಂದು ಆಸೆಯಿಂದ ಕೈಚಾಚಿದರೂ ಅವರನ್ನೆಲ್ಲ ದಾಟಿ ತಾವು ಈ ವಸಂತದಲ್ಲೂ ನಮ್ಮಲ್ಲಿಗೇ ದಯಮಾಡಿಸಿದ್ದೀರಿ. ಮದುವೆಯಾಗಿ ಹೋದ ನನ್ನ ಅಕ್ಕ ಕೂಡ ತವರಿಗೆ ಇಷ್ಟು ತಪ್ಪದೆ ಬರುವುದಿಲ್ಲ. ತಮ್ಮ ಈ ನಿಷ್ಠೆಯಿಂದ ನನಗಾಗಿರುವ ತೊಂದರೆಯನ್ನು ಅರಿಕೆ ಮಾಡಿಕೊಳ್ಳಲು ಈ ಪತ್ರ.

ನಾನು ಹುಟ್ಟಿದ ವರ್ಷ ನಮ್ಮಪ್ಪ ಅಂಬ್ರೋಸಿ ಒಂದು ಗುಡಾಣದಷ್ಟು ವೈನನ್ನು ನೆಲದಲ್ಲಿ ಹೂತು, ಬಾಯಿಗೆ ಚಪ್ಪಡಿ ಇಟ್ಟು, ಮಣ್ಣು ಮೆತ್ತಿದ. ನನ್ನ ಮದುವೆಯಲ್ಲಿ ವೈನು ಕುಡಿಯುವ ಮೊದಲ ಕೊಂಬು ಅದರಿಂದಲೇ ತುಂಬಬೇಕು. ಮೂರು ವರ್ಷದ ಹಿಂದೆ ಎದುರುಮನೆಯ ಬದ್ರಿಗೂ ನನಗೂ ನಿಶ್ಚಯವಾದ ದಿನವೇ ತಾವೂ ನಮ್ಮವರ ಕೈ ಸೇರಿದಿರಿ. ಅಪ್ಪ ಎರಡು ಸಂತೋಷವನ್ನು ಒಟ್ಟಿಗೆ ಹೊರಲಾರದೆ ನಿಶ್ಚಯದ ಊಟದ ನಡುವೆ ಎದ್ದು ನಿಂತು, "ನಮ್ಮ ಹುಡುಗ್ರನ್ನ ಮೇಲಿನ ಪಂದ್ಯಾವಳಿಗೆ ಕರೆದ ದಿನವೇ ಈ ಗುಡಾಣ ತೆಗೆಯೋದು. ಇನ್ನೇನು, ಈ ವರ್ಷ ಕರೆದೇ ಕರೀತಾರೆ ಕಣ್ರೋ" ಎಂದು ಕೊಂಬು ಬರಿದು ಮಾಡಿದ.

ಆ ಊಟದ ಹಿರಿತನ ವಹಿಸಿದ್ದ ವಾಝಾ ಮಾವ ಮೀಸೆ ಒರೆಸಿಕೊಂಡು, "ಕೊಂಬು ಬರಿದು ಮಾಡಿ ಆಡಿದ ಮಾತು ಅಂಬ್ರೋಸಿ, ಇನ್ನು ವಾಪಸ್ ತಗೊಳ್ಳೋಕಾಗಲ್ಲ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಮ್ಮ ಮೇಲಂತಸ್ತಿನ ಆರು ದೇಶಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತವೆಂದೂ, ಅಲ್ಲಿ ಕಡೆಗೆ ಬಿದ್ದವರು ಕೆಳಗಿಳಿಯುವಂತಿಲ್ಲ, ಇಲ್ಲಿ ಮೊದಲು ಬಂದವರು ಮೇಲೇರುವಂತಿಲ್ಲವೆಂದೂ ನನಗೆ ಆಮೇಲೆ ತಿಳಿಯಿತು. ಎಂಥ ಸುಖೀ ಸಂಸಾರ. ಅಂದಿನಿಂದ ನಾವು ಗೆದ್ದರೆ ಕರೆ ಬರುವವರೆಗೆ ಕಾಯಬೇಕು, ಸೋತರೆ ಗೆಲ್ಲುವವರೆಗೆ ಕಾಯಬೇಕು.

ಬದ್ರಿ ಎರಡು ತಂಡಗಳು ಎದುರುಬದುರು ನೂಕಾಡುವ ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ತಲೆ ಕೊಟ್ಟು ನೂಕುವವನು. ಅವನ ತಾಯಿ ಬೇಲಿಯಾಚೆಯಿಂದಲೇ, "ಏನವ್ವಾ, ನನ್ನ ಮಗನ ಕಿವಿ ಆಗಲೇ ಹೂಕೋಸಾಗಿದೆ. ಇನ್ನೆರಡು ವರ್ಷ ತಡೆದ್ರೆ ಮದುವೆ ಫೋಟೋದಲ್ಲಿ ಅವನ ಮುಖ ಎಲ್ಲಿ ಅಂತ ಹುಡುಕಬೇಕಾಗ್ತದೆ" ಎನ್ನುತ್ತಾಳೆ. ಅದನ್ನಾದರೂ ಸಹಿಸಬಹುದು. ಆದರೆ ಈ ಸುಗ್ಗಿ ಮುಗಿದ ಕೂಡಲೇ ಅವನು ಫ್ರಾನ್ಸಿನ ಒಂದು ಕ್ಲಬ್ಬಿಗೆ ಆಡಲು ಹೊರಡುತ್ತಾನೆ. ಅಷ್ಟರೊಳಗೆ ಮದುವೆಯಾದರೆ ಇಬ್ಬರೂ ಹೋಗುತ್ತೇವೆ, ಇಲ್ಲವಾದರೆ ಅವನೊಬ್ಬನೇ. ಇದನ್ನು ಅಪ್ಪನ ಎದುರು ನಿಂತು ಹೇಳಲು ಎಷ್ಟೋ ಸಲ ಹೋಗಿದ್ದೇನೆ. ಪ್ರತಿಸಲವೂ, ಊಟಕ್ಕೆ ಏಳಿ ಎಂದಷ್ಟೇ ಹೇಳಿ ಬಂದಿದ್ದೇನೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ತಾವು ದಯಮಾಡಿ ಎರಡು ಕಾಲು ಬೆಳೆಸಿಕೊಂಡು, ನಮ್ಮವರನ್ನು ಬೆನ್ನಿಗೆ ಕಟ್ಟಿಕೊಂಡು, ಮೆಟ್ಟಿಲೇ ಇಲ್ಲದ ಆ ಮೇಲಂತಸ್ತಿಗೆ ಸುಗ್ಗಿಯೊಳಗೆ ಹತ್ತಬೇಕು. ಅದು ಆಗದಿದ್ದರೆ ಆ ಆರು ಮನೆಗಳಲ್ಲಿ ಒಂದನ್ನಾದರೂ ರಗ್ಬಿ ಬಿಟ್ಟು ಹೆಣಿಗೆ ಕಲಿಯಲು ಒಪ್ಪಿಸಬೇಕು. ಅದೂ ಆಗದಿದ್ದರೆ ತಾವೇ ನಮ್ಮೂರಿಗೆ ಬಂದು ಅಪ್ಪನ ಜೊತೆ ಮಾತಾಡಬೇಕು. ತಮಗೆ ಎರಡು ಹಿಡಿಗಳಿವೆ, ಹೊಳೆಯುವ ಮುಖವಿದೆ. ನನಗಿಂತ ಧೈರ್ಯ ಇದ್ದೇ ಇರುತ್ತದೆ.

ಮೂರು ವರ್ಷದಿಂದ ಮದುಮಗಳಾಗಿಯೇ ಉಳಿದಿರುವ,
ತಮ್ಮ ವಿಶ್ವಾಸಿ,
ಮಕ್ವಲಾ

ತಾ.ಕ.: ವಿಳಾಸ ತಿಳಿಯದೆ ಈ ಪತ್ರವನ್ನು ಗುಡಾಣದ ಚಪ್ಪಡಿಯ ಮೇಲೆ ಕಲ್ಲಿಟ್ಟು ಬಿಟ್ಟಿದ್ದೆ. ಈ ಬೆಳಿಗ್ಗೆ ಪತ್ರವೂ ಇರಲಿಲ್ಲ, ಮೆತ್ತಿದ ಮಣ್ಣೂ ಇರಲಿಲ್ಲ. ಅಪ್ಪ ಸನಿಕೆ ತೊಳೆಯುತ್ತಿದ್ದವನು ನನ್ನ ಮುಖ ನೋಡದೆ, "ಮಾತು ತಪ್ಪಿದ್ದಕ್ಕೆ ವಾಝಾ ಮೂರು ಕೊಂಬು ಕುಡಿಯೋ ದಂಡ ಹಾಕ್ತಾನೆ. ಹಾಕ್ಲಿ ಬಿಡು. ಬದ್ರಿ ಕಡೆಯವರು ಎಷ್ಟು ಜನ ಬರ್ತಾರಂತೆ?" ಎಂದು ಕೇಳಿ, ಮಡಚಿದ ಈ ಕಾಗದವನ್ನು ಕೈಗಿಟ್ಟ. ಆದ್ದರಿಂದ ಮೇಲಿನ ವಿನಂತಿಗಳನ್ನು ಕೈಬಿಟ್ಟು ತಮ್ಮನ್ನು ಮದುವೆಗೆ ಕರೆಯುತ್ತಿದ್ದೇನೆ. ಮುಂದಿನ ಮೇಜಿನಲ್ಲಿ ಆರೇ ಕುರ್ಚಿಗಳಿವೆ, ಆರೂ ತುಂಬಿವೆ. ಹಿಂದೆ ಕೂರುವುದು ತಮಗೇನೂ ಹೊಸದಲ್ಲವಲ್ಲ.