ಜಂಬಣ್ಣನ ಎರಡು ಸೀಟಿ

ಜಂಬಣ್ಣನಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ಅವನ ಕೊರಳಲ್ಲಿದ್ದ ಹಿತ್ತಾಳೆ ಸೀಟಿ. ನಿವೃತ್ತನಾದ ಮೇಲೆ ಆರು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಅದನ್ನು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ದಾರ ಪೋಣಿಸಿ ಹಾಕಿಕೊಂಡಿದ್ದ. ಶಾಲು ಹೊದಿಸುವ ಕೊರಳಿಗೆ ಇದೇಕೆ ಎಂದಳು ಹೆಂಡತಿ. ಸೀಟಿ ಇಲ್ಲದಿದ್ದರೆ ಫೋಟೋದಲ್ಲಿ ತನಗೂ ಪಂಚಾಯ್ತಿ ಮೆಂಬರಿಗೂ ಏನು ವ್ಯತ್ಯಾಸ ಎಂದು ಜಂಬಣ್ಣ ಅವಳ ಬಾಯಿ ಮುಚ್ಚಿಸಿದ.

ಸನ್ಮಾನ ಕುರುಗೋಡು ಬಸ್ ಸ್ಟ್ಯಾಂಡಿನಲ್ಲಿ, ಹನ್ನೊಂದು ಗಂಟೆಗೆ. ಹೊಸದಾಗಿ ಸೇರಿದ ಕಂಡಕ್ಟರುಗಳಿಗೆ ಬುದ್ಧಿ ಹೇಳಲು ಒಬ್ಬ ಹಳಬ ಬೇಕೆಂದು ಡಿಪೋ ಮ್ಯಾನೇಜರ್ ಚನ್ನಬಸವರಾಜ ಹುಡುಕಿ ಹುಡುಕಿ ಜಂಬಣ್ಣನನ್ನು ಆರಿಸಿದ್ದರು. ಕಾರಣ ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿತ್ತು: ‘ಮೂವತ್ತನಾಲ್ಕು ವರ್ಷ ಒಬ್ಬರನ್ನೂ ದಾರಿಯಲ್ಲಿ ಬಿಟ್ಟು ಹೋಗದ ಕಂಡಕ್ಟರ್.’ ಈ ಒಂದು ಸಾಲನ್ನು ಅವನು ಬಳ್ಳಾರಿಯ ತನ್ನ ಓಣಿಯ ಅಷ್ಟೂ ಮನೆಗಳಿಗೆ ಓದಿ ಹೇಳಿದ್ದ. ಹೊಲವಿಲ್ಲ, ಸೈಟಿಲ್ಲ, ಅವನು ಗಳಿಸಿದ್ದು ಈ ಹೆಸರೊಂದೇ.

ಕುರುಗೋಡಿನ ಬಸ್ಸು ಕಿಕ್ಕಿರಿದಿತ್ತು. ಹೇಗೋ ಕಿಟಕಿ ಪಕ್ಕದ ಜಾಗ ಹಿಡಿದ ಜಂಬಣ್ಣನ ಬದಿಗೆ ಎರಡು ಚೀಲದೊಂದಿಗೆ ಕೂತವಳು ಅಕ್ಕನಾಗಮ್ಮ, ಬಳ್ಳಾರಿಯ ಮಗಳ ಮನೆಯಿಂದ ಊರಿಗೆ ಹೊರಟವಳು. ಕೇಳುವ ಕಿವಿ ಸಿಕ್ಕಿದ್ದೇ ತಡ, ಜಂಬಣ್ಣ ಸಿರುಗುಪ್ಪ ಲೈನಿನ ಕತೆ ಶುರುಮಾಡಿದ. ಆಗಿನ ಕೆಂಪು ಬಸ್ಸು, ಭತ್ತದ ನಾಟಿ ಬಂತೆಂದರೆ ಕರೂರಿನಲ್ಲಿ ಟಾಪಿನ ಮೇಲೂ ಜನ. ಮಷೀನು ಇರಲಿಲ್ಲ, ಫೋನು ಇರಲಿಲ್ಲ. ತಗಡಿನ ಪೆಟ್ಟಿಗೆಯಲ್ಲಿ ಟಿಕೀಟು, ತಲೆಯಲ್ಲಿ ತಲೆಗಳ ಎಣಿಕೆ. ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಈಗಿನ ಹುಡುಗರು ಮಷೀನು ನೋಡುತ್ತಾರೆ, ಮುಖ ನೋಡುವುದಿಲ್ಲ ಎಂದು ಅವನು ನಿಟ್ಟುಸಿರು ಬಿಟ್ಟ.

ಉಚಿತ ಟಿಕೆಟ್ಟನ್ನು ಜೋಪಾನವಾಗಿ ಸೆರಗಿಗೆ ಗಂಟು ಹಾಕುತ್ತಿದ್ದ ಅಕ್ಕನಾಗಮ್ಮ, “ನಿಮ್ಮ ಕಾಲದಾಗ ನನ್ನ ಹಂತ್ಯಾಕ ರೊಕ್ಕ ಇಸಗೊಂತಿದ್ರಿ. ಈಗ ಇಸಗಣಂಗಿಲ್ಲ. ನನಗ ಈ ಕಾಲಾನ ಚಲೋ ಐತಿ ಬಿಡ್ರಿ” ಎಂದಳು.

ಸಂಗನಕಲ್ಲು ಬಂತು. ಕಂಡಕ್ಟರ್ ಗವಿಸಿದ್ದೇಶ್, ಇಪ್ಪತ್ತಾರು ವರ್ಷದ ಹುಡುಗ, ಒಬ್ಬ ಮುದುಕಿಯ ಮೆಣಸಿನಕಾಯಿ ಚೀಲ ಇಳಿಸಿಕೊಡಲು ಕೆಳಗಿಳಿದ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಬಾಗಿಲು ಖಾಲಿಯಾಯಿತು. ಖಾಲಿ ಬಾಗಿಲು ಕಂಡಕೂಡಲೇ ಮೂವತ್ತನಾಲ್ಕು ವರ್ಷದ ಅಭ್ಯಾಸ ಜಂಬಣ್ಣನನ್ನು ಒಂದು ಮಾತೂ ಕೇಳದೆ ತನ್ನ ಕೆಲಸ ಮಾಡಿತು. ಎರಡು ಸೀಟಿ, ಎರಡನೆಯದು ತುಸು ಉದ್ದ. ಡ್ರೈವರ್ ಹುಲುಗೇಶ ಗೇರು ಹಾಕಿದ.

ಜಂಬಣ್ಣ ತಿರುಗಿ ನೋಡಿದರೆ, ಹಿಂದಿನ ಗಾಜಿನಾಚೆ ಗವಿಸಿದ್ದೇಶ್ ಟಿಕೆಟ್ ಮಷೀನನ್ನು ಮೇಲೆತ್ತಿ ಹಿಡಿದು ಓಡಿ ಬರುತ್ತಿದ್ದ. ಒಂದೇ ಒಂದು ಸೀಟಿ ಊದಿದ್ದರೆ ಬಸ್ಸು ನಿಲ್ಲುತ್ತಿತ್ತು. ಜಂಬಣ್ಣ ಸೀಟಿಯನ್ನು ತುಟಿಯ ತನಕ ತಂದ. ಆದರೆ ಈಗ ಊದಿದರೆ ಮೊದಲು ಊದಿದ್ದೂ ತಾನೇ ಎಂದು ಬಸ್ಸಿಗೆಲ್ಲ ಗೊತ್ತಾಗುತ್ತದೆ, ಆಮಂತ್ರಣ ಪತ್ರಿಕೆಯ ಸಾಲು ಮಣ್ಣುಪಾಲಾಗುತ್ತದೆ. ಅವನು ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟ.

“ನೀವ ಊದಿದ್ರಿ,” ಎಂದಳು ಅಕ್ಕನಾಗಮ್ಮ.

“ಯಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಕುರುಗೋಡು ತನಕ ಬಾಯಿ ಮುಚ್ಚಿಕೆಂಡು ಕುಂದ್ರು,” ಎಂದು ಪಿಸುಗುಟ್ಟಿದ ಜಂಬಣ್ಣ.

ಅಕ್ಕನಾಗಮ್ಮ ಕಿಟಕಿಯನ್ನು ನೋಡಿದಳು. ಜಂಬಣ್ಣ ಎದ್ದು ಜಾಗ ಬಿಟ್ಟುಕೊಟ್ಟ. ಆಮೇಲೆ ಅವಳು ತನ್ನ ಒಂದು ಚೀಲವನ್ನು ನೋಡಿದಳು, ಅದು ಅವನ ತೊಡೆಯ ಮೇಲೆ ಬಂತು.

ಎರಡು ಕಿಲೋಮೀಟರ್ ದಾಟಿದ ಮೇಲೆ ಗವಿಸಿದ್ದೇಶ್‌ನ ಫೋನು ಬಂದು ಹುಲುಗೇಶ ಬಸ್ಸು ನಿಲ್ಲಿಸಿದ. ಸೀಟಿ ಊದಿದವರು ಯಾರೆಂದು ವಿಚಾರಣೆ ಶುರುವಾಯಿತು. ಕಾಲೇಜು ಹುಡುಗರ ಚೇಷ್ಟೆ ಎಂದರು ಹೆಂಗಸರು. ಯಾರದೋ ಮೊಬೈಲು ಬಡಿದುಕೊಂಡಿದ್ದು ಎಂದರು ಹುಡುಗರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಂಬಣ್ಣ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ಎಲ್ಲರೂ ತನ್ನತ್ತ ನೋಡಿದಂತಾಗಿ ಗಾಬರಿಗೆ ಭಾಷಣವನ್ನೇ ಮಾಡಿಬಿಟ್ಟ: ಊದಿದವರು ಯಾರಾದರೂ ಇರಲಿ, ಕಂಡಕ್ಟರ್ ಆದವನು ಗಾಡಿ ಬಿಟ್ಟು ಇಳಿದದ್ದೇ ತಪ್ಪು, ತನ್ನ ಕಾಲದಲ್ಲಿ ಹೀಗಿರಲಿಲ್ಲ.

ಅಷ್ಟರಲ್ಲಿ ಗವಿಸಿದ್ದೇಶ್ ಯಾರದೋ ಬೈಕಿನ ಹಿಂದೆ ಕೂತು, ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಬಂದು ತಲುಪಿದ. ಭಾಷಣದ ಕೊನೆ ಅವನ ಕಿವಿಗೂ ಬಿತ್ತು. “ತಪ್ಪಾತ್ರಿ ಯಜಮಾನ್ರ, ನಾನು ಇಳೀಬಾರದಿತ್ತು,” ಎಂದ. ಹುಡುಗ ಎದುರುತ್ತರ ಕೊಟ್ಟಿದ್ದರೆ ಚೆನ್ನಾಗಿತ್ತು. ಜಂಬಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ಅಕ್ಕನಾಗಮ್ಮ ಇನ್ನೊಂದು ಚೀಲವನ್ನೂ ಅವನ ತೊಡೆಗೆ ಸರಿಸಿದಳು.

ಕುರುಗೋಡು ಮುಟ್ಟಿದಾಗ ಬಸ್ಸು ಇಪ್ಪತ್ತು ನಿಮಿಷ ತಡ. ಮ್ಯಾನೇಜರು ಕಾರಣ ಕೇಳಿ, ಗವಿಸಿದ್ದೇಶ್‌ಗೆ ಮೆಮೊ ಬರೆಸಿ, ಹೊಸ ಕಂಡಕ್ಟರುಗಳಿಗೆ ಪಾಠವಾಗಲೆಂದು ಅವನನ್ನು ವೇದಿಕೆಯ ಪಕ್ಕದಲ್ಲೇ ನಿಲ್ಲಿಸಿದರು. ಇತ್ತ ಕಡೆ ಒಬ್ಬರನ್ನೂ ಬಿಟ್ಟು ಹೋಗದವನು, ಅತ್ತ ಕಡೆ ತಾನೇ ದಾರಿಯಲ್ಲಿ ಉಳಿದವನು, ಇಬ್ಬರನ್ನೂ ನೋಡಿ ಕಲಿಯಿರಿ ಎಂದರು. ಶಾಲು ಬಂತು, ಹಾರ ಬಂತು, ಆ ಸಾಲನ್ನೇ ಕೆತ್ತಿಸಿದ ಫಲಕವೂ ಬಂತು. ಮುಂದಿನ ಸಾಲಿನಲ್ಲಿ ಊಟದ ಆಸೆಗೆ ಬಂದು ಕೂತಿದ್ದ ಅಕ್ಕನಾಗಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಸಮಾರಂಭ ಮುಗಿಯಲಿ, ಮ್ಯಾನೇಜರ ಕಿವಿಯಲ್ಲಿ ನಿಜ ಹೇಳಿ ಹುಡುಗನ ಮೆಮೊ ಬಿಡಿಸುತ್ತೇನೆ ಎಂದು ಜಂಬಣ್ಣ ಗಟ್ಟಿಮನಸ್ಸು ಮಾಡಿದ.

ಆಗ ಮ್ಯಾನೇಜರು ಮೈಕನ್ನು ಅವನ ಬಾಯಿಗೆ ಹಿಡಿದು, “ನಿಮ್ಮ ಸೀಟಿ ಒಂದ್ಸಲ ಈ ಹುಡುಗ್ರಿಗೆ ಕೇಳಸ್ರಿ” ಎಂದರು.

ಜಂಬಣ್ಣ ಎಲ್ಲವನ್ನೂ ಮರೆತ. ಅಂಗಿಯೊಳಗಿಂದ ಸೀಟಿ ತೆಗೆದು ಎದೆ ತುಂಬ ಉಸಿರು ಎಳೆದು ಊದಿದ. ಎರಡು ಸೀಟಿ, ಎರಡನೆಯದು ತುಸು ಉದ್ದ. ಶಾಮಿಯಾನದ ಹಿಂದೆ ಬಳ್ಳಾರಿಗೆ ವಾಪಸು ಹೊರಡಲು ಜನ ತುಂಬಿಸಿಕೊಂಡು, ಇಂಜಿನು ಚಾಲು ಇಟ್ಟು ಕಾಯುತ್ತಿದ್ದ ಹುಲುಗೇಶ ಗೇರು ಹಾಕಿದ. ವೇದಿಕೆಯ ಪಕ್ಕದಲ್ಲಿ ನಿಂತ ಗವಿಸಿದ್ದೇಶ್ ನೋಡುತ್ತಿದ್ದಂತೆಯೇ ಬಸ್ಸು ಗೇಟು ದಾಟಿತು.

ಚಪ್ಪಾಳೆ ತಟ್ಟಲು ಎತ್ತಿದ ಕೈಗಳೆಲ್ಲ ಹಾಗೇ ನಿಂತವು. ಆ ನಿಶ್ಶಬ್ದದಲ್ಲಿ ಅಕ್ಕನಾಗಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು. “ಇದು ಎಲ್ಡನೇ ಸತಿ.”

ಹಾಗಾದರೆ ಮೊದಲನೆಯದು ಯಾವುದು ಎಂದು ಮ್ಯಾನೇಜರು ಮೈಕಿನಲ್ಲೇ ಕೇಳಿದರು. ಜಂಬಣ್ಣ ಅವಳ ಕಡೆ ಕೈಮುಗಿದ.

“ಕುರುಗೋಡು ತನಕ ಅಂತ ಮಾತಾಗಿತ್ತಲ್ಲಣ್ಣ,” ಎಂದಳು ಅಕ್ಕನಾಗಮ್ಮ. “ಕುರುಗೋಡು ಬಂತು.” ಅನಂತರ ಸಂಗನಕಲ್ಲಿನ ಕತೆಯನ್ನು ಮೊದಲಿಂದ ಕೊನೆಯವರೆಗೆ, ಒಂದು ಅಕ್ಷರ ಬಿಡದೆ ಹೇಳಿದಳು.

ಮ್ಯಾನೇಜರು ಮೆಮೊ ಹರಿದರು. ಹುಲುಗೇಶನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಗವಿಸಿದ್ದೇಶ್ ಮ್ಯಾನೇಜರ ಬೈಕನ್ನೇ ಇಸಿದುಕೊಂಡು ಚಾಲು ಮಾಡಿದ. ಜಂಬಣ್ಣನೂ ಶಾಲು ಸರಿಸಿಕೊಂಡು ವೇದಿಕೆಯಿಂದ ಇಳಿದು ಓಡಿದ. “ತಡಿಯಪ್ಪಾ, ತಪ್ಪು ನಂದೈತಿ. ನಾ ಕಳಿಸಿದ ಗಾಡೀನ ನಾನ ನಿಂದ್ರಸ್ತೀನಿ,” ಎಂದ.

ಗವಿಸಿದ್ದೇಶ್ ನಕ್ಕ. “ಬರ್ರಿ, ಆದ್ರ ಆ ಸೀಟಿ ಮೊದ್ಲು ನನ್ನ ಕೈಯಾಗ ಕೊಡ್ರಿ,” ಎಂದು ಇಸಿದುಕೊಂಡು ಜೇಬಿಗೆ ಹಾಕಿದ. ಈಗ ಯಾವ ಅಪಾಯವೂ ಇರಲಿಲ್ಲ. ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ಜಂಬಣ್ಣ ಒಂದು ಕಾಲನ್ನು ಹಿಂದಿನ ಫುಟ್‌ರೆಸ್ಟಿನ ಮೇಲೆ ಇಟ್ಟ, ಇನ್ನೊಂದು ಇನ್ನೂ ನೆಲದ ಮೇಲಿತ್ತು. ಕೈ ತಾನಾಗಿ ಬೈಕಿನ ಹಿಂಬದಿಯನ್ನು ಪಟಪಟ ಬಡಿಯಿತು, ಬಾಯಿ ತಾನಾಗಿ “ರೈಟ್, ರೈಟ್” ಎಂದಿತು.

ಬೈಕು ಹೋಯಿತು. ಜಂಬಣ್ಣ ಶಾಲು, ಹಾರ, ಫಲಕಗಳ ಸಮೇತ ಬಸ್ ಸ್ಟ್ಯಾಂಡಿನ ನಡುವೆ ನಿಂತಿದ್ದ.

“ಮೂರು,” ಎಂದಳು ಅಕ್ಕನಾಗಮ್ಮ.