ಮೇಲಿನ ಹಲಗೆಯ ಸಾಬೂದಾಣಿ

ಮನುಷ್ಯರು ಗಿಡ್ಡ ಇದ್ದರೆ ಸೊಕ್ಕು ಇರಬಾರದು, ಸೊಕ್ಕು ಇದ್ದರೆ ಗಿಡ್ಡ ಇರಬಾರದು. ದೇವರು ನನಗೆ ಎರಡನ್ನೂ ಧಾರಾಳವಾಗಿ ಕೊಟ್ಟಿದ್ದಾನೆ. ನನ್ನ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಗಣಿತ ಕಲಿಸಿ ಹೊಟ್ಟೆ ಹೊರೆಯುವವಳಾದ್ದರಿಂದ ಅಳತೆಯಲ್ಲಿ ಸುಳ್ಳು ಹೇಳುವುದಿಲ್ಲ. ಬೇರೆ ವಿಷಯದಲ್ಲಿ ಹೇಳಿದ ಒಂದು ಸುಳ್ಳಿನ ಕಥೆ ಮುಂದೆ ಬರುತ್ತದೆ. ಬಂಕಾಪುರದ ಹೈಸ್ಕೂಲಿನಲ್ಲಿ ನನ್ನ ಪಿರಿಯಡ್ಡು ಇದ್ದಾಗ ಬೋರ್ಡಿನ ಮೇಲಿನ ಅರ್ಧ ಖಾಲಿಯೇ ಇರುತ್ತದೆ. ನನ್ನ ನಂತರ ಬರುವ ಹಿರೇಕೆರೂರಿನ ಕನ್ನಡ ಮಾಸ್ತರು ಆ ಖಾಲಿ ಜಾಗದಲ್ಲಿ ಪದ್ಯ ಬರೆದು, ಕೆಳಗಿನ ನನ್ನ ಲೆಕ್ಕ ಅಳಿಸುವ ಶ್ರಮ ಉಳಿಸಿಕೊಳ್ಳುತ್ತಾರೆ. ಶಿಗ್ಗಾವಿಯಿಂದ ಶಾಲೆಗೆ ಹೋಗುವ ಬಸ್ಸಿನಲ್ಲಿ ಮೇಲಿನ ಸರಳು ಇದೆ ಎಂದು ಕೇಳಿ ಬಲ್ಲೆ, ಹಿಡಿದು ಬಲ್ಲವಳಲ್ಲ. ಇದೆಲ್ಲ ನಡೆಯುತ್ತದೆ. ನನ್ನಿಂದ ನಡೆಯದೇ ಇದ್ದದ್ದು ಒಂದೇ ಮಾತು: "ಸ್ವಲ್ಪ ತಗದ ಕೊಡ್ರಿ." ಸತ್ತರೂ ಈ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಹೊರಡದಿರಲು ಕಾರಣವಿತ್ತು. ನನ್ನ ತವರು ಹಾನಗಲ್ಲು. ಅಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆಯಲ್ಲಿ ಉಗ್ರಾಣದ ಮೇಲಿನ ಹಲಗೆಯ ಮೇಲೆ ಬೂಂದಿ ಉಂಡೆಯ ಬುಟ್ಟಿ ಇಟ್ಟಿದ್ದರು. ನನಗೆ ಆಗ ಹದಿನೇಳು ವರ್ಷ, ಕಾಲೇಜು ಸೇರಿದ ಹೆಮ್ಮೆ, ಮೊದಲ ಬಾರಿ ಉಟ್ಟ ಇಲಕಲ್ ಸೀರೆ. ಎದುರಿಗೆ ಬಂದ ಸೋದರಮಾವನಿಗೆ ಎರಡು ಉಂಡೆ ತೆಗೆದು ಕೊಡು ಎಂದೆ. ಆ ಪುಣ್ಯಾತ್ಮ ಬುಟ್ಟಿಯನ್ನು ಕೆಳಗೆ ಇಳಿಸುವ ಬದಲು ನನ್ನನ್ನೇ ಸೊಂಟ ಹಿಡಿದು ಮೇಲಕ್ಕೆ ಎತ್ತಿಬಿಟ್ಟ. ನಾನು ಬುಟ್ಟಿಯ ಸಮಕ್ಕೆ ಬರುವುದಕ್ಕೂ ಬೀಗರ ಕಡೆಯವರು ಚಹಾಕ್ಕೆಂದು ಒಳಗೆ ಬರುವುದಕ್ಕೂ ಸರಿಹೋಯಿತು. ಅವರಲ್ಲೊಬ್ಬ ಹಿರಿಯರು ಬಹಳ ಅಕ್ಕರೆಯಿಂದ, ಕೂಸು ಎಷ್ಟನೆಯ ಇಯತ್ತೆ ಓದುತ್ತದೆ ಎಂದು ವಿಚಾರಿಸಿದರು. ಅವತ್ತೇ ಶಪಥ ಮಾಡಿದೆ. ಉಪವಾಸ ಬಿದ್ದೇನು, ಇನ್ನೊಬ್ಬರಿಗೆ ತೆಗೆದು ಕೊಡಿ ಎನ್ನಲಾರೆ.

ಮದುವೆಯಾಗಿ ಶಿಗ್ಗಾವಿಗೆ ಬಂದೆ. ನಮ್ಮ ಅತ್ತೆ ಸವಣೂರಿನವರು, ಐದು ಅಡಿ ಎಂಟು ಇಂಚಿನ ಹೆಣ್ಣುಮಗಳು. ಬಾಗಿಲಲ್ಲಿ ಕಳಶದ ಚೊಂಬು ಒದೆಸುವಾಗ ನಾನು ಅವರ ಮುಖ ನೋಡಲು ಕತ್ತೆತ್ತಿದ್ದಕ್ಕೆ ತಲೆಯ ಮೇಲಿನ ಸೆರಗು ಜಾರಿತ್ತು. ಅಡುಗೆಮನೆಯ ಹಲಗೆಗಳೆಲ್ಲ ಅವರ ಅಳತೆಯವು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನಾನು ಅವರಿಗೆ ಡಬ್ಬಿ ಇಳಿಸಿಕೊಡಿ ಎಂದು ಕೇಳಿದವಳಲ್ಲ. ಕೇಳುವ ಪ್ರಸಂಗವೇ ಬರಲಿಲ್ಲ. ನಾನು ಒಲೆಯ ಮುಂದೆ ನಿಂತು ಸುಮ್ಮನೆ ಕತ್ತೆತ್ತಿದರೆ ಸಾಕು, ಹಿಂದಿನಿಂದ ಒಂದು ಉದ್ದನೆಯ ಕೈ ಬಂದು ಬೇಕಾದ ಡಬ್ಬಿಯನ್ನೇ ಇಳಿಸಿ ಹೋಗುತ್ತಿತ್ತು. ಅರಿಶಿನ ಬೇಕೋ, ಸಾಸಿವೆ ಬೇಕೋ ಎಂಬುದು ನನ್ನ ಕತ್ತಿನ ಹಿಂಭಾಗ ನೋಡಿಯೇ ಅವರಿಗೆ ಹೇಗೆ ತಿಳಿಯುತ್ತಿತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಡಬ್ಬಿಯ ಜೊತೆ ಒಂದು ಮಾತು ಪುಕ್ಕಟೆ ಬರುತ್ತಿತ್ತು: "ನಿಮ್ಮಪ್ಪ ಅರ್ಧಾ ಮಗಳನ್ನ ಕೊಟ್ಟ, ಉಳದರ್ಧಾ ಮನ್ಯಾಗ ಇಟ್ಕೊಂಡ." ನಾನು ಮುಖ ಉಬ್ಬಿಸುತ್ತಿದ್ದೆ. ಒಳಗೊಳಗೆ ಆ ಕೈಗೆ ಮಾತ್ರ ಶರಣು.

ಹೀಗೆ ಸುಖವಾಗಿದ್ದಾಗ ನಮ್ಮೂರಿಗೆ ಸೂಪರ್ ಮಾರ್ಕೆಟ್ಟು ಬಂತು. ಅದಕ್ಕೆ ಮೊದಲು ಕಿರಾಣಿ ಅಂಗಡಿಯಲ್ಲಿ ಎಂಥ ಮರ್ಯಾದೆ ಇತ್ತು! ನಾವು ಕಟ್ಟೆಯ ಹೊರಗೆ ನಿಂತು ಚೀಟಿ ಕೊಡುವುದು, ಅಂಗಡಿಯವನು ಕೊಕ್ಕೆಯ ಕೋಲಿನಿಂದ ಮೇಲಿನ ಸಾಮಾನು ಎಳೆದು, ಗಾಳಿಯಲ್ಲೇ ಹಿಡಿದು, ಧೂಳು ಒರೆಸಿ ಕೊಡುವುದು. ಅಲ್ಲಿ ಉದ್ದದವರಿಗೂ ಗಿಡ್ಡದವರಿಗೂ ಒಂದೇ ನ್ಯಾಯ. ಹೊಸ ಅಂಗಡಿಯಲ್ಲಿ ನಿಮ್ಮ ಕೈ, ನಿಮ್ಮ ಪುಣ್ಯ. ಸಾಲದ್ದಕ್ಕೆ ನಮ್ಮ ಜನರದೇ ಒಂದು ಪದ್ಧತಿ ಅಲ್ಲಿ ಹುಟ್ಟಿಕೊಂಡಿತು. ಆರಂಭದ ದಿನ ಮಾಲೀಕರು ಬಾಗಿಲಲ್ಲಿ ಲಕ್ಷ್ಮೀಪೂಜೆ ಇಟ್ಟಿದ್ದರು. ಪೂಜೆಗೆ ಬಂದವರು ಚಪ್ಪಲಿ ಹೊರಗೆ ಬಿಟ್ಟರು. ಒಳಗೆ ನೆಲ ನೋಡಿದರೆ ಮುಖ ಕಾಣುವಷ್ಟು ಹೊಳಪು. ಇಂಥದ್ದರ ಮೇಲೆ ಚಪ್ಪಲಿ ಕಾಲು ಹೇಗೆ ಇಡುವುದು ಎಂದು ಮರುದಿನ ಬಂದವರೂ ಬಿಟ್ಟರು. ಅಂದಿನಿಂದ ಆ ಅಂಗಡಿಯ ಮುಂದೆ ಕಲ್ಯಾಣ ಮಂಟಪದ ಮುಂದೆ ಇದ್ದಷ್ಟು ಚಪ್ಪಲಿ. ಮಾಲೀಕರು "ಚಪ್ಪಲಿ ಹಾಕಿಕೊಂಡು ಬರಬಹುದು" ಎಂದು ಬೋರ್ಡು ಬರೆಸಿದರು. ಜನ ಬೋರ್ಡು ಓದಿ, ಪಾಪ ಒಳ್ಳೆಯ ಮನುಷ್ಯ ಎಂದು ಹೊಗಳಿ, ಅದರ ಕೆಳಗೇ ಚಪ್ಪಲಿ ಬಿಟ್ಟರು. ನನಗೆ ಇದರಿಂದ ಆದ ನಷ್ಟ ಎರಡೂವರೆ ಇಂಚು. ಹುಬ್ಬಳ್ಳಿಯಿಂದ ಹುಡುಕಿ ತಂದ ಎತ್ತರದ ಹಿಮ್ಮಡಿಯ ಚಪ್ಪಲಿ, ಎಲ್ಲಿ ಅದರ ಅವಶ್ಯಕತೆ ಇತ್ತೋ ಅಲ್ಲಿಯೇ ಬಾಗಿಲಾಚೆ ಉಳಿಯಬೇಕು. ನಾನೊಬ್ಬಳೇ ಹಾಕಿಕೊಂಡು ಹೋದರೆ ಟೀಚರಿಗೆ ಎಷ್ಟು ಸೊಕ್ಕು ನೋಡು ಎಂದಾರು. ಇರುವ ಸೊಕ್ಕನ್ನು ಊರಿಗೆಲ್ಲ ತೋರಿಸಬಾರದಲ್ಲ.

ನನ್ನ ಉಪಾಯಗಳನ್ನು ಹೇಳಿದರೆ ನಗುತ್ತೀರಿ. ಒಮ್ಮೆ ಪಡವಲಕಾಯಿಯಿಂದ ಶ್ಯಾವಿಗೆ ಪಾಕೀಟು ಎಳೆಯಲು ಹೋಗಿ ಪಡವಲಕಾಯಿ ಮುರಿಯಿತು, ಮುರಿದದ್ದನ್ನೇ ಕೊಂಡು ತಂದೆ. ಕೆಳಗಿನ ಹಲಗೆಯ ಮೇಲೆ ಕಾಲಿಟ್ಟು ಹತ್ತಿದಾಗ ಇಡೀ ಕಪಾಟು ಗಡಗಡ ನಡುಗಿತು, ಇಳಿದು ಏನೂ ಅರಿಯದವಳಂತೆ ಅಗರಬತ್ತಿ ಮೂಸುತ್ತ ನಿಂತೆ. ಎಲ್ಲಕ್ಕಿಂತ ಘನವಾದ ಉಪಾಯವೆಂದರೆ ಕಾಯುವುದು. ಯಾರಾದರೂ ಉದ್ದನೆಯವರು ಅದೇ ಸಾಮಾನಿಗೆ ಕೈಹಾಕಿದರೆ, ನನಗೂ ಒಂದು ಎಂದು ಅವರಾಗಿಯೇ ಕೊಟ್ಟಾರು ಎಂಬ ಆಸೆಯಿಂದ ಫಿನಾಯಿಲ್ ಬಾಟಲಿಯ ಮೇಲಿನ ಅಕ್ಷರಗಳನ್ನೆಲ್ಲ ಓದುತ್ತಿದ್ದೆ. ಯಾರೂ ಕೊಡಲಿಲ್ಲ, ಫಿನಾಯಿಲ್ಲಿನ ಬಗ್ಗೆ ಜ್ಞಾನ ಹೆಚ್ಚಿತು. ಅಂಗಡಿಯಲ್ಲಿ ಒಂದು ಸ್ಟೂಲು ಇತ್ತು, ಬಿಲ್ಲು ಮಾಡುವ ಹುಡುಗಿ ಅದರ ಮೇಲೆ ಕೂತಿರುತ್ತಿದ್ದಳು. ಅದನ್ನು ಕೇಳುವುದೂ ಕೇಳುವುದೇ ತಾನೆ? ಕೊನೆಗೆ ಕೈಗೆ ಎಟುಕಿದ್ದೇ ನಮ್ಮ ಮನೆಯ ರುಚಿ ಎಂದಾಯಿತು. ಆರು ತಿಂಗಳು ಕೆಳಗಿನ ಹಲಗೆಯ ಚಹಾಪುಡಿ ಕುಡಿದ ನನ್ನ ಗಂಡ, ಇದು ಚಹಾವೋ ಕಷಾಯವೋ ಎಂದು ಒಂದು ದಿನ ಕೇಳಿದರು. ಡಾಕ್ಟರು ಇದೇ ಒಳ್ಳೆಯದೆನ್ನುತ್ತಾರೆ ಎಂದು ಗದರಿಸಿ ಕೂರಿಸಿದೆ.

ಆಟ ಕೆಟ್ಟದ್ದು ಅತ್ತೆಗೆ ಜ್ವರ ಬಂದಾಗ. ಎಂಟು ದಿನ ಕಾದ ಜ್ವರ ಬಿಟ್ಟಿತು, ಆದರೆ ಹೊಟ್ಟೆಗೆ ಏನೂ ಸೇರಲೊಲ್ಲದು. ಅನ್ನ ಕಂಡರೆ ಮುಖ ತಿರುಗಿಸಿದರು, ಗಂಜಿ ಕೊಟ್ಟರೆ ಒಂದು ಗುಟುಕಿಗೆ ಸಾಕೆಂದರು. ಅಂಥ ಉದ್ದನೆಯ ಜೀವ ಹಾಸಿಗೆಯಲ್ಲಿ ಮುದುಡಿ ಮಲಗಿಬಿಟ್ಟಿತು. ಏನಾದರೂ ತಿನ್ನದಿದ್ದರೆ ಸಲಾಯಿನ್ ಹಚ್ಚಬೇಕಾದೀತು ಎಂದು ಡಾಕ್ಟರು ಹೇಳಿ ಹೋದರು. ಅವತ್ತು ಮಧ್ಯಾಹ್ನ ಅತ್ತೆ ತಾವಾಗಿಯೇ ಬಾಯಿಬಿಟ್ಟರು. "ಸಣ್ಣ ಸಾಬೂದಾಣಿ ಗಂಜಿ ಇದ್ದರ ಕುಡದೇನು ನೋಡು. ದಪ್ಪಂದು ಬ್ಯಾಡವ್ವಾ, ಗಂಟಲದಾಗ ಇಳಿಯಂಗಿಲ್ಲ." ನಾನು ಚಪ್ಪಲಿ ಮೆಟ್ಟಿ ಓಡಿದೆ. ಕಿರಾಣಿ ಅಂಗಡಿಗಳಲ್ಲಿ ಇದ್ದದ್ದು ದಪ್ಪನೆಯ ಸಬ್ಬಕ್ಕಿ. ಸೂಪರ್ ಮಾರ್ಕೆಟ್ಟಿಗೆ ಹೋದರೆ ಸಣ್ಣ ಸಾಬೂದಾಣಿ ಇತ್ತು, ಎರಡೇ ಪಾಕೀಟು, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ.

ಬರಿಗಾಲಲ್ಲಿ ಅದರ ಕೆಳಗೆ ನಿಂತೆ. ತುದಿಗಾಲಲ್ಲಿ ನಿಂತೆ. ಛತ್ರಿ ತಂದಿರಲಿಲ್ಲ, ಪಡವಲಕಾಯಿಯ ಕಾಲವಲ್ಲ. ಸ್ವಲ್ಪ ದೂರದಲ್ಲಿ ಆರಡಿಯ ಒಬ್ಬ ಮೀಸೆಯ ಮನುಷ್ಯ ನಿಂತಿದ್ದ. ಕೈ ಎತ್ತಿದರೆ ಸಾಕು, ಸಾಬೂದಾಣಿ ಅವನ ಅಂಗೈಯಲ್ಲಿ. ಆದರೆ ಅವನೂ ಆಗಾಗ ನನ್ನ ಕಡೆಗೇ ನೋಡುತ್ತಿದ್ದಾನೆ! ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ ಎಂದು ಒಮ್ಮೆ ಗುರಾಯಿಸಿದೆ. ಮನೆಯಲ್ಲಿ ಅತ್ತೆಯ ಹಸಿವು, ಮನಸ್ಸಿನಲ್ಲಿ ಹಾನಗಲ್ಲಿನ ಬೂಂದಿ ಉಂಡೆ. ಬಾಯಿ ತೆರೆದೆ, ಮುಚ್ಚಿದೆ. ನಾಚಿಕೆಯಾಗುತ್ತದೆ ಹೇಳಲು, ಹತ್ತು ನಿಮಿಷ ಹೀಗೇ ಕಳೆದೆ.

ಆಗ ಬಂದವಳು ಜೈತುನಬಿ. ಹೆಸರು ಆಮೇಲೆ ತಿಳಿಯಿತು. ಹುಲಗೂರಿನಲ್ಲಿ ಕೌದಿ ಹೊಲಿಯುವ ಮುದುಕಿ, ನನ್ನ ಭುಜಕ್ಕೆ ಬರುವಳೋ ಇಲ್ಲವೋ. ಜೀವಮಾನದಲ್ಲಿ ನಾನು ತಲೆ ಬಗ್ಗಿಸಿ ಮಾತಾಡಿಸಿದ ಹಿರಿಯರು ಇವಳೊಬ್ಬಳೇ. ಬಂದವಳೇ ಕಪಾಟನ್ನೊಮ್ಮೆ ನೋಡಿ, ಮೀಸೆಯವನ ತೋಳು ತಟ್ಟಿ, ಮೊಮ್ಮಗಳು ಬಾಣಂತಿ ಇದ್ದಾಳೆ, ಆ ಖರ್ಜೂರ ಇಳಿಸು ಎಂದಳು. ಅದರಲ್ಲಿ ಬೇಡಿಕೆಯಿಲ್ಲ, ದೈನ್ಯವಿಲ್ಲ. ಮನೆಯ ಮಗನಿಗೆ ಕೆಲಸ ಹೇಳಿದ ಹಾಗೆ. ಅವನು ಇಳಿಸಿದ. ಅದಲ್ಲ, ಆ ಕಡೆಯದು, ಮೆತ್ತಗಿರುವುದು ಎಂದಳು. ಅದನ್ನೂ ಇಳಿಸಿದ. ಅಷ್ಟರಲ್ಲಿ ಅವನ ಊರು, ಮಕ್ಕಳು, ಮೊಣಕಾಲಿನ ಆಪರೇಶನ್ನು ಎಲ್ಲ ವಿಚಾರಿಸಿ ಮುಗಿದಿತ್ತು. ನಾನು ಬೆರಗಾಗಿ ನೋಡಿದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ಇಷ್ಟು ಸಲೀಸಾಗಿ ಯಾರಿಂದಲೂ ಒಂದು ಲೆಕ್ಕ ಮಾಡಿಸಲು ನನಗಾಗಿಲ್ಲ.

ನನ್ನ ಕಡೆ ತಿರುಗಿ, ಏನು ನೋಡುತ್ತ ನಿಂತೆ ಎಂದಳು. ಏನಿಲ್ಲ, ಸುಮ್ಮನೆ ಎಂದೆ. ಮುದುಕಿ ನನ್ನ ಕಣ್ಣು ಹೋದ ದಾರಿಯಲ್ಲೇ ಮೇಲೆ ನೋಡಿದಳು. ನನ್ನ ಪರವಾಗಿ ಅವಳೇ ಕೇಳಿಬಿಡಲಿ ಎಂದು ದೇವರಿಗೆ ಹರಕೆ ಹೊತ್ತೆ. ಕೇಳಲಿಲ್ಲ.

"ಕೇಳಬೇಕವ್ವಾ," ಎಂದಳು. "ಕೈ ಗಿಡ್ಡ ಇದ್ರ ನಡೀತೈತಿ, ಬಾಯಿ ಗಿಡ್ಡ ಇರಬಾರದು. ಈ ಅಪ್ಪನೂ ನಿನ್ನಂಗ ಅದಾನ ನೋಡು. ಮಣಕಾಲ ಬಗ್ಗಂಗಿಲ್ಲ, ಆವಾಗಿಂದ ಕೆಳಗಿನ ಬೆಲ್ಲ ನೋಡಕೋಂತ ನಿಂತಾನ."

ಮೀಸೆಯವನು ನೆಲ ನೋಡಿದ. ನಾನು ಗುರಾಯಿಸಿದ್ದು ನೆನಪಾಗಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅತ್ತೆಯ ಬತ್ತಿದ ಮುಖ ಕಣ್ಣ ಮುಂದೆ ತಂದುಕೊಂಡು, "ಅಣ್ಣಾರ, ಆ ಸಾಬೂದಾಣಿ ಸ್ವಲ್ಪ ತಗದ ಕೊಡ್ರಿ," ಎಂದುಬಿಟ್ಟೆ. ಅವನು ಎರಡೂ ಪಾಕೀಟು ಇಳಿಸಿ ಕೊಟ್ಟ. ಯಾರೂ ನಗಲಿಲ್ಲ, ಯಾರೂ ನನ್ನನ್ನು ಸೊಂಟ ಹಿಡಿದು ಎತ್ತಲಿಲ್ಲ. ಅವನು ಕೆಮ್ಮಿ, "ಅಕ್ಕಾರ, ಆ ಬೆಲ್ಲ…" ಎಂದ. ಥಟ್ಟನೆ ಬಗ್ಗಿ ಎರಡು ಪೆಂಟೆ ಬೆಲ್ಲ ತೆಗೆದು ಕೊಟ್ಟೆ. ಬಗ್ಗುವುದರಲ್ಲಿ ನನ್ನಷ್ಟು ಚುರುಕಿನವರು ನಾಲ್ಕು ತಾಲೂಕಿನಲ್ಲಿ ಇಲ್ಲವೆಂದು ಅವತ್ತೇ ಗೊತ್ತಾದದ್ದು. ಉಪಕಾರ ಹೇಳೋಣವೆಂದು ತಿರುಗಿದರೆ ಜೈತುನಬಿ ಹುಲಗೂರಿನ ಬಸ್ಸಿಗೆ ಹೊತ್ತಾಯಿತೆಂದು, ಚೀಲವನ್ನು ಇನ್ಯಾರ ಕೈಗೋ ಕೊಟ್ಟು ಬಾಗಿಲು ದಾಟುತ್ತಿದ್ದಳು.

ಅತ್ತೆ ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದರು. ನೀರು ಹೆಚ್ಚಾಗಿದೆ, ಉಪ್ಪು ಕಡಿಮೆಯಾಗಿದೆ ಎಂದು ಎರಡು ತಪ್ಪು ಹುಡುಕಿದರು. ತಪ್ಪು ಹುಡುಕುವಷ್ಟು ಜೀವ ಬಂತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಬಟ್ಟಲು ಬಗ್ಗಿಸುವಾಗ ಅವರು ನಿಧಾನವಾಗಿ, ಇದನ್ನು ಆ ಅಂಗಡಿಯಲ್ಲಿ ಬಹಳ ಮೇಲೆ ಇಟ್ಟಿರುತ್ತಾರಲ್ಲ, ಯಾರನ್ನು ಕೇಳಿದೆ ಎಂದರು. ಹುಲಗೂರಿನ ಮುದುಕಿ ಕಲಿಸಿದ ಪಾಠ ಇನ್ನೂ ಬಿಸಿಯಿತ್ತು. ಆದರೂ ಇಪ್ಪತ್ತೆರಡು ವರ್ಷ ಅರ್ಧಾ ಮಗಳು ಅನ್ನಿಸಿಕೊಂಡವಳ ಬಾಯಿ ತಾನಾಗಿಯೇ ಆಡಿತು: "ಯಾರನ್ನೂ ಇಲ್ರಿ. ನಾನ ತಗದೆ." ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಅದಕ್ಕೇನು ಬಹಳ ಹೊತ್ತು ಬೇಕಾಗುವುದಿಲ್ಲ. "ಹೌದಾ? ಛಲೋ ಆತು," ಎಂದು ಗಂಜಿ ಕುಡಿದರು.

ವಾರದಲ್ಲಿ ಅತ್ತೆ ಎದ್ದು ಕಟ್ಟೆಯ ಮೇಲೆ ಕೂರುವಂತಾದರು. ಕೂತವರು ಓಣಿಗೆಲ್ಲ ಸೊಸೆಯ ಪರಾಕ್ರಮ ಹೇಳತೊಡಗಿದರು. ಗಿಡ್ಡ ಇದ್ದಾಳೆಂದು ಹಗುರ ತಿಳಿಯಬೇಡಿ, ಮೇಲಿನ ಹಲಗೆಯದನ್ನು ಒಬ್ಬಳೇ ಇಳಿಸಿಕೊಂಡು ಬಂದು ನನ್ನ ಜೀವ ಉಳಿಸಿದಳು ಎಂದು. ನಾನು ಒಳಗೆ ರೊಟ್ಟಿ ಬಡಿಯುತ್ತ ಬೆವರುತ್ತಿದ್ದೆ. ರವಿವಾರ ಪಕ್ಕದ ಮನೆಯ ಶಾಂತಕ್ಕ ಬಂದರು. ಅವರೂ ನನ್ನ ಅಳತೆಯವರೇ. ಮೇಲಿನ ಹಲಗೆಯ ಗೋಡಂಬಿ ಬೇಕು, ಟೀಚರ್ ನೀವು ಬಂದು ತೆಗೆದು ಕೊಡಬೇಕು ಎಂದರು. ತಲೆನೋವು ಎಂದೆ, ಪೇಪರ್ ತಿದ್ದಬೇಕು ಎಂದೆ. ಕಟ್ಟೆಯಿಂದ ಅತ್ತೆ, ಪಾಪ ಹೋಗಿ ಬಾ ಎಂದು ಅಪ್ಪಣೆ ಕೊಟ್ಟರು.

ಹೋದೆವು. ಚಪ್ಪಲಿ ಬಿಟ್ಟೆವು. ಗೋಡಂಬಿಯ ಕೆಳಗೆ ಶಾಂತಕ್ಕ ಕೈಕಟ್ಟಿ, ಜಾದೂ ನೋಡಲು ನಿಂತವರಂತೆ ನಿಂತರು. ನಾನು ಮೇಲೆ ನೋಡಿದೆ, ಅವರನ್ನು ನೋಡಿದೆ. ಇನ್ನು ದಾರಿಯಿರಲಿಲ್ಲ. ಆ ಕಡೆ ಬರುತ್ತಿದ್ದ ಒಬ್ಬ ಎತ್ತರದ ಹೆಣ್ಣುಮಗಳಿಗೆ, ಅಕ್ಕಾರ, ಆ ಗೋಡಂಬಿ ಸ್ವಲ್ಪ ತಗದ ಕೊಡ್ರಿ, ದಪ್ಪಂದು ನೋಡಿ ಕೊಡ್ರಿ ಎಂದೆ. ಆಕೆ ಕೊಟ್ಟು ಹೋದಳು. ಶಾಂತಕ್ಕ ಪಾಕೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಬಿಲ್ಲು ಕೊಡಲು ನಡೆದರು. ಅತ್ತೆಗೆ ಹೇಳಬೇಡಿ ಎಂದು ಇವರನ್ನು ಕೇಳಿಕೊಳ್ಳಬೇಕು, ಆದರೆ ಅದನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ. ನಮ್ಮ ಓಣಿಯ ತಿರುವು ಬಂದಾಗ ಅವರೇ ನಿಂತರು.

"ಸಿಟ್ಟ ಮಾಡ್ಕೋಬ್ಯಾಡ್ರಿ ಟೀಚರ್. ನಿಮ್ಮ ಅತ್ತಿಯವರ ಕಳಿಸ್ಯಾರ. ನಮ್ಮಕಿ ಈಗ ಹೆಂಗ ಕೇಳ್ತಾಳ ನೋಡಿ ಬಂದ ಹೇಳು ಅಂದಾರ."

ನಾನು ತಿರುವು ದಾಟಿದೆ. ಕಟ್ಟೆಯ ಮೇಲೆ ಅತ್ತೆ ಕತ್ತು ಉದ್ದ ಮಾಡಿ ನಮ್ಮ ದಾರಿಯನ್ನೇ ನೋಡುತ್ತಿದ್ದದ್ದು ಕಂಡಿತು. ಆಮೇಲೆ ಶಾಂತಕ್ಕನ ಕೈ ಹಿಡಿದು, ಛಲೋ ಕೇಳಿದಳು ಅಂತ ಹೇಳ್ರಿ ಎಂದು ಕೇಳಿಕೊಂಡೆ.